ಗಂಜಿ ಹಾಕಿದ ಕೊರಳಪಟ್ಟಿ

ಝೇಡೌನ್
28 ಫೆಬ್ರವರಿ 2000, ಸೋಮವಾರ

ಶ್ರೀಮತಿ ಹ್ಯೂಬರ್ಟೀನ್ ಅವರಿಗೆ,

ನಿಮ್ಮ ಪತ್ರ ಶನಿವಾರ ತಲುಪಿತು. ಮರುದಿನ ಭಾನುವಾರವಾದ್ದರಿಂದ ಉತ್ತರ ಬರೆಯಲಿಲ್ಲ. ಭಾನುವಾರ ಈ ಮನೆಯಲ್ಲಿ ಪೆನ್ನು ಹಿಡಿಯುವುದಿಲ್ಲ, ಸೂಜಿ ಹಿಡಿಯುವುದಿಲ್ಲ, ಬಸ್ಸು ಹತ್ತುವುದಿಲ್ಲ. ನಿಮ್ಮ ಗಂಡ ಇದನ್ನು ನಿಮಗೆ ಹೇಳಿರಬೇಕು, ಮರೆಯದಿದ್ದರೆ.

ನಮ್ಮ ಚರ್ಚಿನ ಹೊರಗೆ ನಿಮ್ಮ ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನೀವು ನನಗೆ ಬರೆದ ಮೊದಲ ಕಾಗದ ಇದು. ನನ್ನ ಮಗ ಕ್ರೈನ್ ಕೊನೆಯಲ್ಲಿ ಒಂದು ಸಹಿಯನ್ನೂ ಹಾಕಿಲ್ಲ. ನಿಮ್ಮ ಮಗಳು ಫೀನ್‌ಳ ಕತ್ತಿನಲ್ಲಿ ಗಂಟು ಎದ್ದಿದೆ, ದನಿ ಒಡೆದಿದೆ, ನಿಮ್ಮ ಕಡೆಯ ಡಾಕ್ಟರು ಅದನ್ನು ಕೊಯ್ದು ತೆಗೆಯಬೇಕೆನ್ನುತ್ತಾರೆ, ಅದಕ್ಕೆ ಮೊದಲು ತಂದೆಯ ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ತಿಳಿಯಬೇಕು ಎಂದು ಬರೆದಿದ್ದೀರಿ. ಹೌದು ಅಥವಾ ಇಲ್ಲ, ಒಂದು ಮಾತು ಸಾಕು ಎಂದಿದ್ದೀರಿ.

ಇಲ್ಲ.

ನಮ್ಮದು ಕೊರಳಪಟ್ಟಿಯವರ ಮನೆ. ಈ ಊರಿನ ಅರ್ಧ ಜನರಿಗೆ ಒಂದೇ ಕುಲನಾಮ ಇರುವುದರಿಂದ ಪ್ರತಿ ಮನೆಗೂ ಒಂದು ಅಡ್ಡಹೆಸರು ಬಿದ್ದಿದೆ. ಒಬ್ಬರು ಸೀದ ಅಂಬಲಿಯವರು, ಇನ್ನೊಬ್ಬರು ಕುಂಟ ಬಾತುಕೋಳಿಯವರು. ಮರ್ಯಾದೆಯ ಹೆಸರು ಇರುವುದು ನಮಗೆ ಮಾತ್ರ. ನನ್ನ ಅಪ್ಪ ಚರ್ಚಿನ ಹಿರಿಯರಾಗಿದ್ದರು. ಮೀನು ಹಿಡಿಯುವ ದೋಣಿಗೆ ಹೋಗುವಾಗಲೂ ಗಂಜಿ ಹಾಕಿದ ಬಿಳಿಯ ಕೊರಳಪಟ್ಟಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಅಂಥ ಮನೆಯಲ್ಲಿ ನೀವು ಕಾಯಿಲೆ ಹುಡುಕುತ್ತಿದ್ದೀರಿ. ಹುಡುಕುವುದಾದರೆ ನಿಮ್ಮ ತವರಿನಲ್ಲಿ ಹುಡುಕಿ. ಕಾರ್ನಿವಲ್ ಹಬ್ಬವೆಂದು ಮುಖವಾಡ ಹಾಕಿಕೊಂಡು ಮೂರು ದಿನ ಬೀದಿಯಲ್ಲಿ ಕುಡಿದು ಕುಣಿಯುವ ಜನರ ಮೈಯಲ್ಲಿ ಏನೇನಿದೆಯೋ ನನಗೆ ತಿಳಿಯದು.

ಹುಡುಗಿ ಬೇಗ ಗುಣವಾಗಲಿ ಎಂದು ಪ್ರಾರ್ಥಿಸುತ್ತೇನೆ.

ಡಿರ್ಕ್ಯೆ ವಾನ್ ಡೆರ್ ಮೇಯ್

ಫೋನ್ ಮಾಡಬೇಡಿ. ನಮ್ಮ ಫೋನ್ ಕೆಟ್ಟಿದೆ. ಕಿವಿಗಿಟ್ಟರೆ ಒಂದೇ ಸಮನೆ ಧಬ್ ಧಬ್ ಎನ್ನುತ್ತದೆ, ಮಾತು ಕೇಳಿಸುವುದಿಲ್ಲ. ರಿಪೇರಿಯವರು ಎರಡು ಸಲ ಬಂದು, ಏನೂ ಆಗಿಲ್ಲ ಎಂದು ಹೇಳಿ ಹೋದರು. ಈಗಿನವರಿಗೆ ಕೆಲಸ ಬರುವುದಿಲ್ಲ.


ಬೇಕ್‌ಹೋವೆನ್, ಲಿಂಬರ್ಗ್
9 ಮಾರ್ಚ್ 2000

ಪೂಜ್ಯ ಅತ್ತೆಯವರಿಗೆ,

ಒಂದು ಮಾತು ಕೇಳಿದ್ದೆ, ಒಂದು ಪುಟ ಕೊಟ್ಟಿರಿ. ಉಪಕಾರವಾಯಿತು. ನನ್ನ ತವರಿನಲ್ಲೂ ಕೇಳಿ ಮುಗಿಸಿದ್ದೇನೆ. ಎಂಬತ್ತೊಂದು ವರ್ಷದ ನನ್ನ ಅಮ್ಮ ತನ್ನ ಕತ್ತು, ಅಕ್ಕತಂಗಿಯರ ಕತ್ತು, ಸತ್ತವರ ಫೋಟೋಗಳ ಕತ್ತು ಎಲ್ಲವನ್ನೂ ಡಾಕ್ಟರಿಗೆ ತೋರಿಸಿದಳು. ಅಲ್ಲೂ ಇಲ್ಲ.

ಡಾಕ್ಟರು ನಿಮ್ಮ "ಇಲ್ಲ"ವನ್ನು ಫೈಲಿನಲ್ಲಿ ಬರೆದುಕೊಂಡರು. ಹಾಗಿದ್ದರೆ ಇದು ಸಾಮಾನ್ಯ ಗ್ರಂಥಿ, ಹೆದರುವುದೇನಿಲ್ಲ, ಕಾಲು ಗಂಟೆಯ ಕೆಲಸ ಎಂದರು. ಮೇ ಮೂರಕ್ಕೆ ದಿನ ಗೊತ್ತಾಗಿದೆ.

ಫೀನ್ ಊರಿನ ಬ್ಯಾಂಡಿನಲ್ಲಿ ಕಹಳೆ ಊದುತ್ತಾಳೆ. ಊದುತ್ತಿದ್ದಳು. ಈಗ ಊದಿದರೆ ಕತ್ತಿನ ಬಲಗಡೆ ಆ ಗಂಟು ಬಡಿದುಕೊಳ್ಳುತ್ತದೆ, ನಾನು ಕೈಯಿಟ್ಟು ನೋಡಿದ್ದೇನೆ. ಹುಡುಗಿ ಒಂದು ಕಡೆ ಕೂರುವುದಿಲ್ಲ. ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ, ಕಿಟಕಿ ತೆಗೆಯುತ್ತಾಳೆ, ಮುಚ್ಚುತ್ತಾಳೆ.

ಅವಳ ಫೋಟೋ ಇಟ್ಟಿದ್ದೇನೆ. ನೀವು ನೋಡಿಯೇ ಇಲ್ಲವಲ್ಲ. ಗದ್ದ ನಿಮ್ಮದೇ ಎಂದು ಕ್ರೈನ್ ಹೇಳುತ್ತಾರೆ, ಹೊಗಳಿಕೆಯಾಗಿ ಅಲ್ಲ.

ಹ್ಯೂಬರ್ಟೀನ್


ಝೇಡೌನ್
16 ಮಾರ್ಚ್ 2000

ಶ್ರೀಮತಿ ಹ್ಯೂಬರ್ಟೀನ್ ಅವರಿಗೆ,

ಫೋಟೋ ಹಿಂದಕ್ಕೆ ಕಳುಹಿಸಬೇಕೆಂದಿದ್ದೆ. ಸರಿಯಾದ ಅಳತೆಯ ಲಕೋಟೆ ಸಿಗಲಿಲ್ಲ. ಸದ್ಯ ಇಲ್ಲಿಯೇ ಇದೆ.

ನನ್ನ ಮಗಳು ಆಲ್ಟ್ಯೆ ದಿನವೂ ಹತ್ತು ಗಂಟೆಗೆ ಕಾಫಿಗೆ ಬರುತ್ತಾಳೆ. ಮೇಜಿನ ಮೇಲೆ ಫೋಟೋ ಕಂಡಳು.

"ಯಾರಮ್ಮಾ ಇದು? ಅಜ್ಜನ ಹಾಗೇ ಇದಾಳಲ್ಲ! ಕತ್ತಿಗೆ ಬೇರೆ ಕರ್ಚೀಫು ಸುತ್ಕೊಂಡಿದಾಳೆ."

"ನಿಮ್ಮಣ್ಣನ ಮಗಳು. ಕಾಫಿ ಕುಡಿ."

"ಬಿಸಿಲಲ್ಲಿ ನಿಂತ್ಕೊಂಡು ಕತ್ತಿಗ್ಯಾಕೆ ಕರ್ಚೀಫು?"

"ಲಿಂಬರ್ಗಿನ ಫ್ಯಾಷನ್ನು. ಕಾಫಿ ಆರ್ತಾ ಇದೆ."

ಆಲ್ಟ್ಯೆ ಕಾಫಿ ಕುಡಿದಳು, ಆದರೆ ಹೋಗುವಾಗ ನನ್ನ ಮುಖವನ್ನೇ ನೋಡುತ್ತ ಹೋದಳು.

ಕೆಲವು ಸಂಗತಿ ತಿಳಿಸಿ. ಆ ಡಾಕ್ಟರ ವಯಸ್ಸೆಷ್ಟು? ಇಂಥ ಗಂಟುಗಳನ್ನು ಹಿಂದೆ ತೆಗೆದಿದ್ದಾರೆಯೇ, ಅಥವಾ ತೆಗೆದಿದ್ದೇನೆಂದು ಹೇಳುತ್ತಾರೆಯೇ? ಗಂಟನ್ನು ಎರಡು ಬೆರಳಿನಲ್ಲಿ ಹಿಡಿದರೆ ಎಡಕ್ಕೆ ಬಲಕ್ಕೆ ಸರಿಯುತ್ತದೆಯೇ? ಮೇಲಕ್ಕೆ ಕೆಳಕ್ಕೆ ಸರಿಯುತ್ತದೆಯೇ? ಜೋರಾಗಿ ಒತ್ತಬೇಡಿ.

ಸುಮ್ಮನೆ ಕೇಳಿದೆ. ನನ್ನ ಉತ್ತರದಲ್ಲಿ ಬದಲಾವಣೆ ಇಲ್ಲ.

ಡಿರ್ಕ್ಯೆ ವಾನ್ ಡೆರ್ ಮೇಯ್


ಬೇಕ್‌ಹೋವೆನ್
25 ಮಾರ್ಚ್ 2000

ಅಜ್ಜಿ,

ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೋ ಅದೂ ಗೊತ್ತಿಲ್ಲ. ನಾನು ಫೀನ್, ನಿಮ್ಮ ಲಕೋಟೆಗೆ ಹಿಡಿಸದ ಹುಡುಗಿ.

ಅಮ್ಮ ನಿಮ್ಮ ಪ್ರಶ್ನೆಗಳನ್ನು ಜೋರಾಗಿ ಓದಿದಳು. ಅಪ್ಪ ಪತ್ರಿಕೆ ಓದುತ್ತಿರುವಂತೆ ನಟಿಸುತ್ತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು ಎಂದು ಹೇಳಿದರೆ ನೀವು ನಂಬುವುದಿಲ್ಲ, ಆದರೆ ಪುಟವನ್ನಂತೂ ತಿರುವಲಿಲ್ಲ. ಆಮೇಲೆ ನಾನು ಕನ್ನಡಿಯ ಮುಂದೆ ನಿಂತು ನೀವು ಹೇಳಿದಂತೆ ಎರಡು ಬೆರಳಿನಲ್ಲಿ ಹಿಡಿದು ನೋಡಿದೆ. ಎಡಕ್ಕೆ ಬಲಕ್ಕೆ ಸರಿಯುತ್ತದೆ. ಮೇಲಕ್ಕೂ ಕೆಳಕ್ಕೂ ಸರಿಯುವುದಿಲ್ಲ. ಗೂಟಕ್ಕೆ ಕಟ್ಟಿದ ಹಾಗಿದೆ.

ಅಜ್ಜಿ, ಮೂವರು ಡಾಕ್ಟರು ನನ್ನ ಕತ್ತನ್ನು ನೋಡಿದ್ದಾರೆ. ಈ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ.

ನಿಮಗೆ ಹೇಗೆ ಗೊತ್ತು?

ಫೀನ್


ಝೇಡೌನ್
3 ಏಪ್ರಿಲ್ 2000

ಫೀನ್,

ಅಜ್ಜಿ ಎಂದು ಕರೆಯಬಹುದು.

ವಯಸ್ಸಾದವರಿಗೆ ಎಷ್ಟೋ ಸಂಗತಿ ಗೊತ್ತಿರುತ್ತದೆ. ಆ ಪ್ರಶ್ನೆಯನ್ನು ಮತ್ತೆ ಕೇಳಬೇಡ.

ಇದರ ಜೊತೆ ಒಂದು ಸುರುಳಿ ಪೆಪ್ಪರ್‌ಮಿಂಟ್ ಕಳುಹಿಸುತ್ತಿದ್ದೇನೆ. ಉಪದೇಶ ಉದ್ದವಾದಾಗ ನಾವು ಚರ್ಚಿನಲ್ಲಿ ಬಾಯಿಗೆ ಹಾಕಿಕೊಳ್ಳುವಂಥದು. ಒಡೆದ ಗಂಟಲಿಗೆ ಒಳ್ಳೆಯದು. ನನ್ನ ಅಪ್ಪ ಕೆಲಸದ ದಿನವೂ ತಿನ್ನುತ್ತಿದ್ದರು.

ಅಜ್ಜಿ


ಬೇಕ್‌ಹೋವೆನ್
18 ಏಪ್ರಿಲ್ 2000

ಅತ್ತೆಯವರಿಗೆ,

ಆಸ್ಪತ್ರೆಯಲ್ಲಿ ಹಾಸಿಗೆಯೊಂದು ಖಾಲಿಯಾಯಿತಂತೆ. ಮೇ ಮೂರರವರೆಗೆ ಕಾಯಬೇಕಿಲ್ಲ. ಬುಧವಾರ ಇಪ್ಪತ್ತಾರರ ಬೆಳಗ್ಗೆ ಸೇರಿಸುತ್ತೇವೆ, ಗುರುವಾರ ಕೊಯ್ಯುತ್ತಾರೆ.

ತಿಳಿಸಬೇಕೆನಿಸಿತು. ಪೆಪ್ಪರ್‌ಮಿಂಟ್ ಮುಗಿದಿದೆ. "ನನ್ನ ಅಪ್ಪ ಕೆಲಸದ ದಿನವೂ ತಿನ್ನುತ್ತಿದ್ದರು" ಎಂಬ ನಿಮ್ಮ ಸಾಲನ್ನು ಫೀನ್ ನೂರು ಸಲ ಓದಿದ್ದಾಳೆ.

ಹ್ಯೂಬರ್ಟೀನ್


ಝೇಡೌನ್
22 ಏಪ್ರಿಲ್ 2000, ಈಸ್ಟರ್ ಹಬ್ಬದ ಹಿಂದಿನ ದಿನ

ಹ್ಯೂಬರ್ಟೀನ್,

ಉತ್ತರ: ಹೌದು.

ಕೊಯ್ಯಲು ಬಿಡಬೇಡ. ಈ ಕಾಗದದಲ್ಲಿ ಬೇರೇನನ್ನೂ ಓದದಿದ್ದರೂ ಇದೊಂದನ್ನು ಓದು. ಆ ಡಾಕ್ಟರು ಕತ್ತಿ ಕೆಳಗಿಡಲಿ.

ನನಗೆ ಒಂಬತ್ತು ವರ್ಷ. ಅವ್ವ ಹಾಸಿಗೆ ಹಿಡಿದಿದ್ದರಿಂದ ಭಾನುವಾರ ಅಪ್ಪನ ಕೊರಳಪಟ್ಟಿಗೆ ಗುಂಡಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಗಂಜಿ ಹಾಕಿದ ಬಟ್ಟೆ ಹಲಗೆಯ ಹಾಗಿತ್ತು. ಬೆರಳು ಜಾರಿ ಒಳಗೆ ಹೋಯಿತು. ಅಲ್ಲೊಂದು ಗಂಟು, ಕೋಳಿಮೊಟ್ಟೆಯಷ್ಟು. ಹಿಡಿದ ಹಕ್ಕಿಯ ಎದೆ ಬಡಿದುಕೊಂಡ ಹಾಗೆ ಬಡಿದುಕೊಳ್ಳುತ್ತಿತ್ತು. ಅಪ್ಪ ನನ್ನ ಕೈ ಹಿಡಿದು ಕೆಳಗಿಟ್ಟರು.

"ಏನಾದ್ರೂ ಸಿಕ್ತಾ ಡಿರ್ಕ್ಯೆ?" ಅಂದರು. ಅವರ ದನಿ ಯಾವಾಗಲೂ ಒಡೆದೇ ಇರುತ್ತಿತ್ತು.

"ಇಲ್ಲಪ್ಪ" ಅಂದೆ.

"ಜಾಣೆ" ಅಂದರು.

ನಾನು ಹೇಳಿದ ಮೊದಲ "ಇಲ್ಲ" ಅದು. ಆ ಪಟ್ಟಿಯನ್ನು ಅವ್ವ ಅಂಗಡಿಯದಕ್ಕಿಂತ ಎರಡು ಬೆರಳು ಎತ್ತರಕ್ಕೆ ಹೊಲಿಯುತ್ತಿದ್ದಳು. ಅಪ್ಪ ಚರ್ಚಿನ ಹಿರಿಯರಾದದ್ದು ಅದಕ್ಕೆ ಹತ್ತು ವರ್ಷಗಳ ಮೇಲೆ. ನಮ್ಮ ಮನೆಗೆ ಹೆಸರು ಬಂದದ್ದು ಮೊದಲು, ಮರ್ಯಾದೆ ಬಂದದ್ದು ಆಮೇಲೆ.

ನನಗೊಬ್ಬ ತಮ್ಮನಿದ್ದ, ಆರೆಂಡ್. ಕ್ರೈನ್‌ಗೂ ಅವನ ವಿಷಯ ಹೆಚ್ಚು ಗೊತ್ತಿಲ್ಲ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಅವನಿಗೆ ಇಪ್ಪತ್ಮೂರು, ಮದುವೆ ಗೊತ್ತಾಗಿತ್ತು. ಕತ್ತಿನಲ್ಲಿ ಗಂಟು ಇಟ್ಟುಕೊಂಡು ಹುಡುಗಿಯ ಮುಂದೆ ನಿಲ್ಲುವುದಿಲ್ಲ ಎಂದ. ಅಪ್ಪನಿಗೆ ಹೇಳದೆ ನಾವಿಬ್ಬರೂ ಪೇಟೆಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೆರಳಿನಲ್ಲಿ ಹಿಡಿದು ನೋಡಿದರು. ಎಡಕ್ಕೆ ಬಲಕ್ಕೆ ಸರಿಯಿತು, ಮೇಲಕ್ಕೆ ಕೆಳಕ್ಕೆ ಸರಿಯಲಿಲ್ಲ. "ಗ್ರಂಥಿ. ಕಾಲು ಗಂಟೆಯ ಕೆಲಸ" ಎಂದರು. ನಿಮ್ಮ ಡಾಕ್ಟರು ಹೇಳಿದ್ದೂ ಅದೇ ಮಾತು, ಒಂದಕ್ಷರ ಬೇರೆಯಿಲ್ಲ. ನಿನ್ನ ಕಾಗದದಲ್ಲಿ ಅದನ್ನು ಓದಿದ ದಿನದಿಂದ ನಾನು ಕುಳಿತಲ್ಲಿ ಕೂತಿಲ್ಲ.

ಹೊರಗೆ ಬೆಂಚಿನ ಮೇಲೆ ಅವನ ಕೋಟು, ಬೂಟು ಮಡಿಲಲ್ಲಿಟ್ಟುಕೊಂಡು ಕಾದೆ. ನರ್ಸ್ ಒಬ್ಬಳು ಓಡಿಬಂದಳು. ಅವಳ ಬಿಳಿ ಷೂ ಬಿಳಿಯಾಗಿರಲಿಲ್ಲ. ಸಂಜೆ ಆ ಡಾಕ್ಟರು ನನ್ನ ಪಕ್ಕದಲ್ಲಿ ತಲೆ ಹಿಡಿದು ಕೂತು ಹೇಳಿದರು: ಅದು ಕತ್ತಿನ ದೊಡ್ಡ ರಕ್ತನಾಳದ ಕವಲಿಗೆ ಅಪ್ಪಿಕೊಂಡಿತ್ತು, ಅದಕ್ಕೇ ಪಕ್ಕಕ್ಕೆ ಮಾತ್ರ ಸರಿಯುತ್ತಿತ್ತು, ನನಗೆ ತಿಳಿಯಲಿಲ್ಲಮ್ಮ. ಊರಿನಲ್ಲಿ ಅಪ್ಪ ಜ್ವರ ಎಂದು ಹೇಳಿದರು. ಜ್ವರ ಎಂದೇ ಎಲ್ಲರೂ ನಂಬಿದರು.

ಮರುವರ್ಷ ನನ್ನ ಮದುವೆ. "ಬಾಯಿ ಬಿಟ್ಟೆ ಅಂದ್ರೆ ನಿನ್ನನ್ನ ಯಾರೂ ಕರ್ಕೊಂಡ್ ಹೋಗಲ್ಲ ಕಣೆ" ಎಂದಳು ಅವ್ವ. ನಲವತ್ತೊಂದನೆಯ ವಯಸ್ಸಿಗೆ ನನ್ನ ಕತ್ತಿನಲ್ಲೂ ಅದು ಬಂತು, ಎಡಗಡೆ. ಅಂದಿನಿಂದ ನನ್ನ ಎಲ್ಲ ಅಂಗಿಗಳಿಗೂ ಎತ್ತರದ ಕೊರಳು. ಗಂಡನಿಗೆ ಕತ್ತು ತೋರಿಸದೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದೆ. ಅವರಿಗೆ ಗೊತ್ತಿತ್ತೇನೋ. ಅವರು ಕೇಳಲಿಲ್ಲ.

ಫೋನ್ ಕೆಟ್ಟಿಲ್ಲ. ಆ ಸದ್ದು ನನ್ನ ಕಿವಿಯದು.

ಕ್ರೈನ್‌ನ ಕತ್ತನ್ನು, ಆಲ್ಟ್ಯೆಯ ಕತ್ತನ್ನು ಅವರು ಹುಟ್ಟಿದಾಗಿನಿಂದ ಕಣ್ಣಿನಲ್ಲೇ ತಡವುತ್ತ ಬಂದೆ. ಇಬ್ಬರದೂ ನುಣುಪು. ನನ್ನಲ್ಲಿಗೆ ಮುಗಿಯಿತು ಎಂದು ದೇವರಿಗೆ ಕೈಮುಗಿದೆ. ಅದಕ್ಕೇ ನಿನಗೆ ಧೈರ್ಯವಾಗಿ ಇಲ್ಲ ಎಂದು ಬರೆದೆ. ಇದು ನೆಪ. ಮಾರ್ಚ್ ಹದಿನಾರರಂದೇ ನನಗೆ ತಿಳಿದಿತ್ತು. ಆಮೇಲಿನ ಐದು ವಾರಗಳಿಗೆ ನನ್ನಲ್ಲಿ ನೆಪವೂ ಇಲ್ಲ.

ಈಗ ಶನಿವಾರ ಸಂಜೆ ಆರು. ಅಂಚೆ ಡಬ್ಬಿಯನ್ನು ಖಾಲಿ ಮಾಡಿಕೊಂಡು ಹೋಗಿಯಾಯಿತು. ನಾಳೆ ಭಾನುವಾರ, ಸೋಮವಾರವೂ ಹಬ್ಬ. ಮಂಗಳವಾರ ತೆಗೆದರೆ ಬುಧವಾರ ಮಧ್ಯಾಹ್ನ ನಿನ್ನ ಬಾಗಿಲಿಗೆ. ಬೆಳಗ್ಗೆಯೇ ನೀವು ಆಸ್ಪತ್ರೆಗೆ ಹೋಗಿರುತ್ತೀರಿ. ಈಗ ತಾನೇ ಫೋನ್ ಮಾಡಿದೆ. ಯಾರೋ ಎತ್ತಿದರು. ಮೂರು ಸಲ "ಕೊಯ್ಯಬೇಡಿ" ಎಂದೆ. ಧಬ್ ಧಬ್ ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ. ಕೇಳಿಸಿಕೊಂಡವರು ಯಾರು, ಕೇಳಿಸಿಕೊಂಡರೋ ಇಟ್ಟುಬಿಟ್ಟರೋ ತಿಳಿಯದು.

ಆಲ್ಟ್ಯೆ ಇಲ್ಲೇ ಇದ್ದಾಳೆ. "ಅಮ್ಮಾ, ಸುಮ್ನಿರಮ್ಮ. ನಮ್ಮ ಲೇನ್‌ನ ಹೆಂಡ್ತಿ ಬಸುರಿ. ಈಗ ಊರಿಗೆಲ್ಲ ಇದನ್ನ ಡಂಗುರ ಹೊಡೀಬೇಕಾ?" ಎಂದು ಅಳುತ್ತಿದ್ದಾಳೆ. ಲೇನ್ ಅವಳ ಮಗ.

ಈ ಕಾಗದವನ್ನು ನಾನೇ ತರುತ್ತೇನೆ. ಬಾಗಿಲಲ್ಲಿ ನಿಂತಾಗ ಬಾಯಿ ಬಾರದಿದ್ದರೆ ಇದನ್ನು ಕೈಗೆ ಕೊಡುತ್ತೇನೆ. ನಾಳೆ ಬೆಳಗ್ಗೆ ಒಂಬತ್ತೂವರೆಗೆ ಲೈಡನ್‌ಗೆ ಬಸ್ಸಿದೆ, ಹೊರಗಿನವರಿಗೆಂದು ಬಿಟ್ಟದ್ದು. ಅಲ್ಲಿಂದ ನಿಮ್ಮ ಕಡೆಗೆ ರೈಲು. ಅದೇ ಹೊತ್ತಿಗೆ ಇಡೀ ಊರು ಚರ್ಚಿಗೆ ಹೊರಟಿರುತ್ತದೆ. ನೋಡಲಿ.

ಡಿರ್ಕ್ಯೆ


ಲೈಡನ್
19 ಜೂನ್ 2000

ಅಜ್ಜಿ,

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಪ್ಪ ಎದುರಿಗೆ ಕೂತು ಸಕ್ಕರೆ ಪೊಟ್ಟಣಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಾರೆ. ಈ ಅಭ್ಯಾಸ ನಿಮ್ಮಿಂದ ಬಂದದ್ದಂತೆ.

ಈಸ್ಟರ್ ದಿನವನ್ನು ನಾವು ಇನ್ನೂ ಆಡಿಕೊಂಡು ನಗುತ್ತೇವೆ. ಬಾಗಿಲು ತೆಗೆದಾಗ ನೀವು ಕಪ್ಪು ಅಂಗಿ, ಬಿಳಿ ಟೊಪ್ಪಿ, ಕೈಯಲ್ಲಿ ಲಕೋಟೆ. ಇಪ್ಪತ್ತೆರಡು ವರ್ಷದ ಮೇಲೆ ಅಪ್ಪನ ಬಾಯಿಂದ ಬಂದ ಮೊದಲ ಮಾತು, "ಅಮ್ಮಾ! ಇವತ್ತು ಭಾನುವಾರ!" ನೀವು, "ನಂಗೇನು ಗೊತ್ತಿಲ್ವೇನೋ? ದಾರಿ ಬಿಡು" ಅಂದಿರಿ. ಆಮೇಲೆ ಅಪ್ಪ ಕಾಗದ ಓದುತ್ತ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಹಿಂದಿನ ಸಂಜೆ ಫೋನ್ ಎತ್ತಿದವರು ಅವರೇ. ಯಾರೋ ಮುದುಕಿ ರಾಂಗ್ ನಂಬರಿಗೆ ಮಾಡಿ ಕೂಗಾಡುತ್ತಿದ್ದಾಳೆ ಎಂದುಕೊಂಡು ಇಟ್ಟಿದ್ದರಂತೆ. ನಿಮ್ಮ ದನಿ ಮರೆತುಹೋಗಿತ್ತು. ಅದನ್ನು ಹೇಳುವಾಗ ಅವರು ನಗುವುದಿಲ್ಲ.

ಈಗ ವಿಷಯ. ಇಲ್ಲಿಯ ಡಾಕ್ಟರಮ್ಮ ಟೆರ್ ಹಾರ್ ಇಂಥ ಗಂಟುಗಳನ್ನೇ ನೋಡುವವರು. ನಮ್ಮ ಊರಿನಲ್ಲಿ ಸುಮ್ಮನೆ ಕೊಯ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ನನ್ನ ಫೈಲನ್ನು ಮುಚ್ಚಿ, "ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳಿ" ಎಂದರು, ಅಷ್ಟೇ.

ಕಾರಣವನ್ನೂ ಬಿಡಿಸಿ ಹೇಳಿದರು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯಾ ಎಂಬ ಸಣ್ಣ ಸಣ್ಣ ಎಂಜಿನ್ ಕೋಣೆಗಳಿವೆ. ನಾವು ಎಳೆದುಕೊಂಡ ಉಸಿರು ಶಕ್ತಿಯಾಗುವುದು ಅಲ್ಲಿ. ಆ ಕೋಣೆಯ ಗೋಡೆಯಲ್ಲಿ ನಾಲ್ಕು ತುಂಡಿನ ಒಂದು ಯಂತ್ರವಿದೆ, ನಾಲ್ಕೂ ಪ್ರೋಟೀನು. ಎ, ಬಿ, ಸಿ, ಡಿ ಎಂದು ಹೆಸರು. ಡಿ ತುಂಡಿನ ಕೆಲಸ ಯಂತ್ರವನ್ನು ಗೋಡೆಗೆ ಹಿಡಿದು ನಿಲ್ಲಿಸುವುದು, ಲಂಗರಿನ ಹಾಗೆ. ನಮ್ಮ ಮನೆಯದು ಆ ಡಿ ತುಂಡಿನ ತಪ್ಪು. (ಡಿ ಅಂದ್ರೆ ಡಿರ್ಕ್ಯೆ ಎಂದು ಅಪ್ಪ ಹೇಳಿ ಅಮ್ಮನಿಂದ ಬೈಸಿಕೊಂಡರು.) ಯಾವ ತಪ್ಪು ಎಂದು ಪತ್ತೆಯಾದದ್ದು ಈ ವರ್ಷವೇ ಅಂತೆ.

ಕತ್ತಿನಲ್ಲಿ ಅಕ್ಕಿಕಾಳಿನಷ್ಟು ಒಂದು ಕಾವಲುಗಾರ ಇದ್ದಾನೆ. ರಕ್ತದಲ್ಲಿ ಉಸಿರು ಸಾಕಷ್ಟಿದೆಯೇ ಎಂದು ನೋಡುವುದು ಅವನ ಕೆಲಸ. ಲಂಗರು ಕಳಚಿದರೆ ಅವನಿಗೆ ಉಸಿರು ಇದ್ದರೂ ಇಲ್ಲವೆಂದೇ ತೋರುತ್ತದೆ. ಗಾಬರಿಯಾಗಿ ಹಿಗ್ಗುತ್ತಾನೆ, ಹಿಗ್ಗುತ್ತಲೇ ಹೋಗುತ್ತಾನೆ. ಇದನ್ನು ಕೇಳಿದಾಗ ನನಗೆ ಅಳು ಬಂತು ಅಜ್ಜಿ. ಈ ವರ್ಷವಿಡೀ ಕಿಟಕಿ ತೆಗೆದು ಮುಚ್ಚಿ ಮಾಡುತ್ತಿದ್ದವಳು ನಾನೋ ಅವನೋ ತಿಳಿಯಲಿಲ್ಲ.

ಇನ್ನೊಂದು ವಿಚಿತ್ರವಿದೆ. ಈ ತಪ್ಪು ತಾಯಿಯಿಂದ ಬಂದರೆ ಮಲಗಿಯೇ ಇರುತ್ತದೆ. ತಂದೆಯಿಂದ ಬಂದರೆ ಏಳುತ್ತದೆ. ಅದಕ್ಕೇ ನಿಮ್ಮ ಅಪ್ಪನಿಂದ ನಿಮಗೆ ಬಂತು. ನಿಮ್ಮಿಂದ ನನ್ನ ಅಪ್ಪನಿಗೆ ಬಂದು ಮಲಗಿತು. ಅಪ್ಪನಿಂದ ನನ್ನಲ್ಲಿಗೆ ಬಂದು ಎದ್ದಿತು. ನೀವು ಅಪ್ಪನ ಕತ್ತನ್ನು ಎಷ್ಟು ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ.

ಆಲ್ಟ್ಯೆ ಅತ್ತೆಯಲ್ಲೂ ಅದು ಮಲಗಿರಬಹುದು. ಹಾಗಿದ್ದರೂ ಲೇನ್‌ಗೆ ಏನೂ ಆಗುವುದಿಲ್ಲ. ಆದರೆ ಲೇನ್‌ನಲ್ಲಿದ್ದರೆ ಹುಟ್ಟುವ ಮಗುವಿನಲ್ಲಿ ಏಳಬಹುದು. ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಮೊದಲೇ ತಿಳಿದಿದ್ದರೆ ಕಾಯಬಹುದು, ಸಣ್ಣದಿರುವಾಗಲೇ ಹಿಡಿಯಬಹುದು. ಅವರಿಗೆ ಯಾರಾದರೂ ಹೇಳಬೇಕು. ನಾನು ಹೇಳಲೇ?

ನನಗೆ ಜುಲೈ ನಾಲ್ಕಕ್ಕೆ ಇಲ್ಲಿ ಶಸ್ತ್ರಕ್ರಿಯೆ. ಜೀವಕ್ಕೆ ಹೆದರಿಕೆಯಿಲ್ಲ ಎನ್ನುತ್ತಾರೆ. ದನಿಯ ನರ ಉಳಿಯುತ್ತದೆ ಎಂದು ಮಾತ್ರ ಹೇಳುವುದಿಲ್ಲ.

ಫೀನ್


ಝೇಡೌನ್
26 ಜೂನ್ 2000

ಫೀನ್,

ನೀನು ಹೇಳಬೇಡ. ನಾನು ಹೇಳುತ್ತೇನೆ. ನನ್ನ ಮನೆಯ ಮಾತನ್ನು ನನ್ನ ಮನೆಯಲ್ಲಿ ನಾನೇ ಹೇಳಬೇಕು.

ಲೈಡನ್‌ಗೆ ಹೋಗಿ ರಕ್ತ ಕೊಟ್ಟು ಬಂದೆ. ನಿನ್ನ ಡಾಕ್ಟರಮ್ಮ ಕೊರಳಿನ ಗುಂಡಿ ಬಿಚ್ಚಿ ಎಂದಳು. ಮೂವತ್ತನಾಲ್ಕು ವರ್ಷದಿಂದ ಯಾರ ಮುಂದೆಯೂ ಬಿಚ್ಚಿರಲಿಲ್ಲ. ಅವಳು ಏನೂ ಆಶ್ಚರ್ಯಪಡಲಿಲ್ಲ. ನನಗೆ ಕೊಂಚ ಬೇಸರವೇ ಆಯಿತು.

ಭಾನುವಾರ ಬಸ್ಸು ಹತ್ತಿದ್ದಕ್ಕೆ ಚರ್ಚಿನ ಇಬ್ಬರು ಹಿರಿಯರು ವಿಚಾರಿಸಲು ಬಂದಿದ್ದರು. ಕಾಫಿ ಕೊಟ್ಟೆ. ಬಿಸ್ಕತ್ತು ಕೊಡಲಿಲ್ಲ.

ನಾಲ್ಕನೆಯ ತಾರೀಖು ಊಟ ಬಿಟ್ಟು ಪ್ರಾರ್ಥಿಸುತ್ತೇನೆ.

ಅಜ್ಜಿ


ಝೇಡೌನ್
18 ಸೆಪ್ಟೆಂಬರ್ 2000, ಸೋಮವಾರ

ಪ್ರೀತಿಯ ಹ್ಯೂಬರ್ಟೀನ್,

ಶನಿವಾರ ನನಗೆ ಎಪ್ಪತ್ತೈದು ತುಂಬಿತು. ನೀನು ಫೀನ್‌ಳನ್ನು ಬಿಟ್ಟು ಬರಲಾಗದೆ ಉಳಿದದ್ದು ಸರಿಯೇ. ಕ್ರೈನ್ ಬಂದಿದ್ದ, ಅವನು ತನ್ನ ರೀತಿಯಲ್ಲಿ ಹೇಳಿರುತ್ತಾನೆ, ಅಂದರೆ ಏನೂ ಹೇಳಿರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕುರ್ಚಿಗಳನ್ನೆಲ್ಲ ಗೋಡೆಗುಂಟ ಸುತ್ತಲೂ ಹಾಕಿದ್ದೆವು. ಹತ್ತೊಂಬತ್ತು ಜನ. ಬಂದವರೆಲ್ಲ ಒಬ್ಬೊಬ್ಬರ ಕೈಯನ್ನೂ ಕುಲುಕಿ ನಿಮ್ಮ ಅಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ, ನಿಮ್ಮ ಅಜ್ಜಿಯ ಹುಟ್ಟುಹಬ್ಬಕ್ಕೆ ಅಭಿನಂದನೆ ಎಂದು ಒಂದು ಸುತ್ತು ಮುಗಿಸಿದರು. ಕಾಫಿ ಆಯಿತು, ಕೇಕು ಆಯಿತು. ಎರಡನೆಯ ಕಾಫಿಗೆ ಮೊದಲು ಎದ್ದು ನಿಂತೆ.

"ಕೊರಳಪಟ್ಟಿಯವರು ಅಂತ ನಮಗೆ ಯಾಕೆ ಹೆಸರು ಬಂತು, ಯಾರಿಗಾದ್ರೂ ಗೊತ್ತಾ?" ಎಂದೆ.

"ಮುತ್ತಜ್ಜ ಚರ್ಚಿನ ಹಿರಿಯರಾಗಿದ್ರಲ್ಲ, ಅದಕ್ಕೆ" ಎಂದ ಲೇನ್. ನಾನೇ ಕಲಿಸಿದ ಪಾಠ.

ಕೊರಳಿನ ಪಿನ್ನು ತೆಗೆದೆ. ಮೇಲಿನ ಗುಂಡಿ, ಅದರ ಕೆಳಗಿನ ಗುಂಡಿ. ಯಾರೂ ಸಹಾಯಕ್ಕೆ ಬರಲಿಲ್ಲ, ಬಂದಿದ್ದರೆ ಹೊಡೆಯುತ್ತಿದ್ದೆನೇನೋ. ನನ್ನ ದೊಡ್ಡಪ್ಪನ ಮಗಳು ಮಾರ್ಟ್ಯೆ, ಎಂಬತ್ತರ ಮುದುಕಿ, ಮೂಲೆಯಿಂದ ಕೂಗಿದಳು: "ಡಿರ್ಕ್ಯೆ! ಸತ್ತವರ ಮಾನ ಕಳೀಬೇಡ್ವೇ!"

"ಬದುಕಿರೋರ ಪ್ರಾಣ ಉಳಿಸ್ತಾ ಇದೀನಿ ಕಣೆ, ಕೇಕು ತಿನ್ನು" ಎಂದೆ.

ಎಲ್ಲವನ್ನೂ ಹೇಳಿದೆ. ಅಪ್ಪ, ಆರೆಂಡ್, ನಾನು, ಫೀನ್. ಆ ಲಂಗರಿನ ತುಂಡಿನ ವಿಷಯವನ್ನು ಫೀನ್‌ಳ ಕಾಗದ ನೋಡಿಯೇ ಓದಿದೆ, ತಪ್ಪಾಗಬಾರದೆಂದು. ಫೀನ್‌ಳಿಗೆ ಎರಡು ತಿಂಗಳು ತಡವಾದದ್ದು ನನ್ನಿಂದ ಎಂದೂ ಹೇಳಿದೆ. ಆ ಮಾತು ಬಂದಾಗ ಕ್ರೈನ್ ಎದ್ದು ಕಿಟಕಿಯ ಹತ್ತಿರ ಹೋದ. ಹೊರಗೆ ನೋಡುವಂಥದೇನೂ ಇರಲಿಲ್ಲ.

ಆಮೇಲೆ ಲೇನ್ ಎದ್ದು ಬಂದು ನನ್ನ ಮುಂದೆ ಮೊಣಕಾಲೂರಿ, "ಮುಟ್ಲಾ ಅಜ್ಜಿ?" ಎಂದ. ಮುಟ್ಟಿದ. ಅವನ ಬೆರಳು ತಣ್ಣಗಿತ್ತು. "ಬಡ್ಕೊಳ್ತಾ ಇದೆ" ಎಂದ. "ಏನಾದ್ರೂ ಸಿಕ್ತಾ?" ಎಂದು ಕೇಳಿದೆ. "ಸಿಕ್ತು" ಎಂದ. ಅವನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನನ್ನು ಕ್ಷಮಿಸುತ್ತಾಳೋ ಇಲ್ಲವೋ ನನಗೆ ತಿಳಿಯದು. ಆದರೆ ಗುರುವಾರಕ್ಕೆ ಲೇನ್‌ನ ರಕ್ತ ಪರೀಕ್ಷೆ ಗೊತ್ತು ಮಾಡಿಸಿದವಳು ಅವಳೇ. ಆಲ್ಟ್ಯೆಯೂ ಹೋಗುತ್ತಾಳೆ. ಅವಳಿನ್ನೂ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಕಾಫಿ ಬಿಟ್ಟಿಲ್ಲ. ಹತ್ತು ಗಂಟೆಗೆ ಬಂದು ಸುಮ್ಮನೆ ಕುಡಿದು ಹೋಗುತ್ತಾಳೆ.

ಮಾರ್ಟ್ಯೆ ಎಲ್ಲರೂ ಹೋಗುವವರೆಗೆ ಕಾದಿದ್ದು, ತನ್ನ ಶಾಲು ಸರಿಸಿ ಕತ್ತಿನ ಬಲಗಡೆ ತೋರಿಸಿದಳು. ನಾವಿಬ್ಬರೂ ಅರವತ್ತು ವರ್ಷ ಚರ್ಚಿನ ಒಂದೇ ಬೆಂಚಿನಲ್ಲಿ ಕೂತವರು.

ಫೀನ್ ಗೆದ್ದು ಬಂದದ್ದಕ್ಕೆ ದಿನವೂ ದೇವರನ್ನು ನೆನೆಯುತ್ತೇನೆ. ಒಂದು ಕಡೆಯ ದನಿಯ ನರ ಹೋಯಿತೆಂದು, ತಗಡು ಕೆರೆದ ಹಾಗಿದೆಯೆಂದು ಅವಳು ಯಾರೊಡನೆಯೂ ಮಾತಾಡುವುದಿಲ್ಲ, ಫೋನ್ ಬಂದರೆ ಕೋಣೆ ಸೇರುತ್ತಾಳೆ ಎಂದು ಕ್ರೈನ್ ಹೇಳಿದ. ಅವಳಿಗೆ ನನ್ನ ಮಾತೆಂದು ಹೇಳು: ತಗಡು ಕೆರೆದ ದನಿಯಲ್ಲೇ ನನ್ನ ಅಪ್ಪ ನನಗೆ ಓದಲು ಕಲಿಸಿದರು, ಬಯ್ದರು, ಊಟಕ್ಕೆ ಮೊದಲು ಪ್ರಾರ್ಥಿಸಿದರು. ಅವರು ಹೋದ ಮೇಲೆ ಅಂಥ ದನಿ ನನ್ನ ಕಿವಿಗೆ ಬಿದ್ದಿಲ್ಲ.

ಭಾನುವಾರ ಚರ್ಚು ಮುಗಿದ ಮೇಲೆ ಫೋನ್ ಮಾಡಲಿ. ಅಭ್ಯಾಸದ ಎಡಗಿವಿ ಬಿಟ್ಟು, ಗಂಟಿಲ್ಲದ ಕಡೆಯ ಬಲಗಿವಿಗೆ ಹಿಡಿಯುತ್ತೇನೆ.

ನಿನ್ನ ಅತ್ತೆ
ಡಿರ್ಕ್ಯೆ